ಹತ್ತು ಕಿಲೋ ಕಮ್ಮಿ ಬರೀರಿ ಅಂದ ಏಜೆಂಟ್

ಕಾರ್ಯಕ್ರಮ ಮುಗಿದ ಮೇಲೆ ಆನೇಕಲ್‌ನಿಂದ ಒಬ್ಬ ವೀಕ್ಷಕರು ಫೋನ್ ಮಾಡಿದ್ದರು. ಜಿಗಣಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ. ಸೂಪರ್‌ವೈಸರ್ ಆಗಿ ಬಡ್ತಿ ಸಿಕ್ಕಿದೆ, ಸಂಬಳ 21,000 ದಾಟಿದೆ. ಮನೆಯಲ್ಲಿ ಪಾಯಸ ಮಾಡಿದ್ದಾರೆ. ಆಮೇಲೆ ಗೊತ್ತಾಗಿದ್ದು, ಸಂಬಳ 21,000 ದಾಟಿದರೆ ಇಎಸ್‌ಐ ಇಲ್ಲ! ಕಂಪನಿಯಲ್ಲಿ ಬೇರೆ ಗ್ರೂಪ್ ಇನ್ಶೂರೆನ್ಸ್ ಇಲ್ಲ. ಹೆಂಡತಿ, ಇಬ್ಬರು ಮಕ್ಕಳು. ಸರಿ, ಸ್ವಂತ ಪಾಲಿಸಿ ಮಾಡಿಸೋಣ ಅಂತ ಹೊರಟಿದ್ದಾರೆ. ಏಜೆಂಟ್ ಮನೆಗೇ ಬಂದು ಫಾರಂ ತುಂಬಿಸಿದ್ದಾನೆ. ಎತ್ತರ ಐದು ಅಡಿ ಆರು ಇಂಚು. ತೂಕ? 84 ಕಿಲೋ.

ಏಜೆಂಟ್ ಪೆನ್ನು ನಿಲ್ಲಿಸಿದನಂತೆ. “ಅಣ್ಣ, ಎಪ್ಪತ್ನಾಲ್ಕು ಅಂತ ಬರ್ಕೊಳ್ತೀನಿ. ತೂಗೋಕೆ ಯಾರ್ ಬರ್ತಾರೆ?”

“ಸಾರ್, ಹತ್ತು ಕಿಲೋ ಸುಳ್ಳು ಬರೆದ್ರೆ ಏನಾಗುತ್ತೆ? ಅಷ್ಟಕ್ಕೂ ನನ್ನ ತೂಕ ಕಟ್ಕೊಂಡು ಅವರಿಗೇನಾಗಬೇಕು?” ಇದು ಆ ವೀಕ್ಷಕರ ಪ್ರಶ್ನೆ.

ಮೊದಲನೇ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಇದೆ, ಕೊನೆಗೆ ಬರೋಣ. ಎರಡನೇ ಪ್ರಶ್ನೆ ಇದೆಯಲ್ಲ, ಅದಕ್ಕೆ ಉತ್ತರ ಹುಡುಕಬೇಕಾದರೆ ಆನೇಕಲ್‌ನಿಂದ ಸೀದಾ ಬೆಲ್ಜಿಯಂಗೆ ಹೋಗಬೇಕು. ಅದೂ ಸುಮಾರು ಇನ್ನೂರು ವರ್ಷ ಹಿಂದಕ್ಕೆ.

ಅಡಾಲ್ಫ್ ಕ್ವೆಟೆಲೆ ಅಂತ ಒಬ್ಬ. ಹುಟ್ಟಿದ್ದು 1796ರಲ್ಲಿ. ಡಾಕ್ಟರ್ ಅಲ್ಲ, ಖಗೋಳಶಾಸ್ತ್ರಜ್ಞ. ಬ್ರಸೆಲ್ಸ್‌ನಲ್ಲಿ ವೀಕ್ಷಣಾಲಯ ಕಟ್ಟಿಸಿದವನು. ನಕ್ಷತ್ರಗಳ ಸ್ಥಾನ ಅಳೆಯುವಾಗ ಹತ್ತಾರು ಸಲ ಅಳೆದು ಸರಾಸರಿ ತೆಗೆಯುತ್ತಾರೆ. ಆ ಲೆಕ್ಕವನ್ನೇ ಮನುಷ್ಯರ ಮೇಲೆ ಹಾಕಿದರೆ ಹೇಗೆ ಅಂತ ಇವನ ತಲೆಗೆ ಹೊಳೆಯಿತು. ಸ್ಕಾಟ್ಲೆಂಡಿನ ಐದು ಸಾವಿರಕ್ಕೂ ಹೆಚ್ಚು ಸೈನಿಕರ ಎದೆ ಸುತ್ತಳತೆಯ ಪಟ್ಟಿ ಹಿಡಿದು ಕೂತು ಲೆಕ್ಕ ಹಾಕಿದ. ‘ಸರಾಸರಿ ಮನುಷ್ಯ’ ಎಂಬ ಕಲ್ಪನೆ ಇವನದೇ. 1835ರಲ್ಲಿ ಬಂದ ಇವನ ಪುಸ್ತಕದಲ್ಲಿ ಒಂದು ಮಾತಿದೆ: ಬೆಳೆದ ಮನುಷ್ಯರಲ್ಲಿ ತೂಕ ಹೆಚ್ಚಾಗುವುದು ಎತ್ತರದ ವರ್ಗಕ್ಕೆ ತಕ್ಕಂತೆ. ಅಂದರೆ ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ, ಕುಳ್ಳಗಿನವನಿಗೂ ಉದ್ದದವನಿಗೂ ಹೆಚ್ಚೂಕಡಿಮೆ ಒಂದೇ ಮಟ್ಟದಲ್ಲಿರುತ್ತದೆ.

ಇಷ್ಟೇ. ಇವತ್ತಿನ ಬಿಎಂಐ ಅಂದರೆ ಇದೇ ಲೆಕ್ಕ. ನಮ್ಮ ಜಿಗಣಿಯ ವೀಕ್ಷಕರ ಎತ್ತರ 1.68 ಮೀಟರ್. ಅದನ್ನು ಅದರಿಂದಲೇ ಗುಣಿಸಿದರೆ 2.82. ಅವರ 84 ಕಿಲೋವನ್ನು 2.82ರಿಂದ ಭಾಗಿಸಿ: 29.8. ಏಜೆಂಟ್ ಬರೆಯಲು ಹೊರಟ 74ನ್ನು ಭಾಗಿಸಿ: 26.2. ಆ ಹತ್ತು ಕಿಲೋದ ಮಹಿಮೆ ಇಷ್ಟು.

ಗಮನಿಸಿ, ಕ್ವೆಟೆಲೆಗೆ ಯಾರು ದಪ್ಪ, ಯಾರಿಗೆ ಹಾರ್ಟ್ ಅಟ್ಯಾಕ್ ಆಗುತ್ತೆ ಅನ್ನೋದು ಬೇಕಾಗಿಯೇ ಇರಲಿಲ್ಲ. ಒಬ್ಬೊಬ್ಬ ಮನುಷ್ಯನ ಬಗ್ಗೆ ಅವನಿಗೆ ಆಸಕ್ತಿಯೂ ಇರಲಿಲ್ಲ. ಅವನಿಗೆ ಬೇಕಿದ್ದದ್ದು ಗುಂಪು. ಆ ಸಂಖ್ಯೆ ಗುಂಪಿನಿಂದ ಇಳಿದು ಒಬ್ಬನ ಕೊರಳಿಗೆ ಬಿದ್ದದ್ದು ವಿಮಾ ಕಂಪನಿಗಳ ದೆಸೆಯಿಂದ.

ಜೀವವಿಮೆ ಅಂದರೆ ಏನು? ನೀವು ಯಾವಾಗ ಸಾಯ್ತೀರಿ ಅನ್ನೋದರ ಮೇಲೆ ಕಟ್ಟಿದ ವ್ಯಾಪಾರ. ಕೇಳೋಕೆ ಕಠಿಣ, ಆದರೆ ನಿಜ. ಪ್ರೀಮಿಯಂ ನಿಗದಿ ಮಾಡಬೇಕಾದರೆ ಯಾರು ಬೇಗ ಹೋಗ್ತಾರೆ, ಯಾರು ತಡವಾಗಿ ಹೋಗ್ತಾರೆ ಅಂತ ಅಂದಾಜು ಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ರಕ್ತ ಪರೀಕ್ಷೆ ಇಲ್ಲ, ಇಸಿಜಿ ಇಲ್ಲ. ಕೈಗೆ ಸಿಗುವ ಅಳತೆ ಎರಡೇ, ಒಂದು ಟೇಪು, ಇನ್ನೊಂದು ತಕ್ಕಡಿ. ಅಮೆರಿಕದ ಕಂಪನಿಗಳು ಎತ್ತರ, ತೂಕ ಬರೆದಿಟ್ಟುಕೊಂಡವು. ಪಾಲಿಸಿದಾರ ಸತ್ತಾಗ ಹಳೆಯ ಫಾರಂ ತೆಗೆದು ನೋಡಿದವು.

ಆಗ ಅವರು ಹೆದರಿದ್ದು ಯಾರನ್ನು ಕಂಡು ಗೊತ್ತಾ? ಬಡಕಲು ಯುವಕರನ್ನು ಕಂಡು! ಕಾರಣ ಕ್ಷಯ. ತೆಳ್ಳಗಿದ್ದಾನೆ ಅಂದರೆ ಒಳಗೆ ಕ್ಷಯ ಇರಬಹುದು ಅನ್ನೋ ಗುಮಾನಿ. 1912ರಿಂದ ಅಮೆರಿಕದ ವಿಮಾ ಗಣಿತಜ್ಞರೂ ವೈದ್ಯರೂ ಸೇರಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಚಿಕ್ಕ ವಯಸ್ಸಿನವರಲ್ಲಿ ಸ್ವಲ್ಪ ಮೈ ತುಂಬಿಕೊಂಡವರೇ ಹೆಚ್ಚು ಬಾಳುತ್ತಾರೆ, ವಯಸ್ಸು ಏರಿದಂತೆ ಲೆಕ್ಕ ತಿರುಗಿ ತೆಳ್ಳಗಿನವರು ಮೇಲುಗೈ ಆಗುತ್ತಾರೆ ಅಂತ ಕಂಡುಬಂತು. ನಮ್ಮಲ್ಲೂ ಕ್ಷಯಕ್ಕೆ ಅರಮನೆ, ಗುಡಿಸಲು ಅಂತ ಭೇದ ಇರಲಿಲ್ಲ. ಮೈಸೂರಿನ ಪಿ.ಕೆ. ಸ್ಯಾನಟೋರಿಯಂಗೆ ಹೆಸರು ಬಂದಿದ್ದೇ ನಾಲ್ವಡಿ ಕೃಷ್ಣರಾಜ ಒಡೆಯರ ತಂಗಿ ಕೃಷ್ಣಾಜಮ್ಮಣ್ಣಿಯವರಿಂದ. ಕ್ಷಯ ಅವರನ್ನೂ ಬಿಡಲಿಲ್ಲ. ಅಂಥ ಕಾಲದಲ್ಲಿ ‘ಮೈ ಕೈ ತುಂಬಿಕೊಂಡಿದ್ದಾನೆ’ ಅಂದರೆ ಹೊಗಳಿಕೆ. ಹೆಣ್ಣು ನೋಡಲು ಹೋದವರೂ ಅದನ್ನೇ ನೋಡುತ್ತಿದ್ದರು.

ಭಾರತದಲ್ಲಿ ತೂಕದ ಮಾತಿಗೂ ಮುಂಚೆ ಇನ್ನೊಂದು ತಕ್ಕಡಿ ಇತ್ತು. ಚರ್ಮದ ತಕ್ಕಡಿ. 1818ರಲ್ಲಿ ಕಲ್ಕತ್ತೆಯಲ್ಲಿ ಓರಿಯೆಂಟಲ್ ಲೈಫ್ ಇನ್ಶೂರೆನ್ಸ್ ಕಂಪನಿ ಶುರುವಾಯಿತು. ಯಾರಿಗಾಗಿ? ಇಲ್ಲಿದ್ದ ಐರೋಪ್ಯರಿಗಾಗಿ. ಆಮೇಲೆ ಭಾರತೀಯರಿಗೂ ಪಾಲಿಸಿ ಕೊಡಲು ಶುರುಮಾಡಿದ ವಿದೇಶಿ ಕಂಪನಿಗಳು ನಮ್ಮವರ ಜೀವವನ್ನು ಕೆಳದರ್ಜೆಯ ಜೀವ ಅಂತ ಪರಿಗಣಿಸಿ ಹೆಚ್ಚು ಪ್ರೀಮಿಯಂ ವಸೂಲಿ ಮಾಡಿದವು. ನೀವು ಎಷ್ಟೇ ಗಟ್ಟಿಮುಟ್ಟಾಗಿರಿ, ಭಾರತೀಯ ಅನ್ನೋದೇ ಒಂದು ರೋಗ! ಭಾರತೀಯರಿಗೂ ಸಾಮಾನ್ಯ ದರದಲ್ಲಿ ವಿಮೆ ಕೊಟ್ಟ ಬಾಂಬೆ ಮ್ಯೂಚುವಲ್ ಹುಟ್ಟಲು 1870 ಬರಬೇಕಾಯಿತು.

ಇಲ್ಲಿ ಮೈಸೂರು ಸಂಸ್ಥಾನದ ಒಂದು ಹೆಮ್ಮೆಯ ವಿಷಯ ಹೇಳಲೇಬೇಕು. 1891ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಸಂಸ್ಥಾನದ ನೌಕರರಿಗೆ ಸರ್ಕಾರವೇ ಜೀವವಿಮೆ ಶುರುಮಾಡಿತು. ಎಲ್‌ಐಸಿ ಹುಟ್ಟಿದ್ದು 1956ರ ಸೆಪ್ಟೆಂಬರ್ 1ರಂದು. ಅಂದರೆ ಅದಕ್ಕೂ 65 ವರ್ಷ ಮುಂಚೆ! ಇವತ್ತು ಅದೇ ಕೆಜಿಐಡಿ. ರಾಜ್ಯ ಸರ್ಕಾರಿ ನೌಕರರ ಸಂಬಳದ ಚೀಟಿಯಲ್ಲಿ ಪ್ರತಿ ತಿಂಗಳು ಕಾಣುವ ಆ ಮೂರು ನಾಲ್ಕು ಅಕ್ಷರಗಳ ಹಿಂದೆ ಇಷ್ಟು ಇತಿಹಾಸ ಇದೆ ಅಂತ ಎಷ್ಟು ಜನ ನೌಕರರಿಗೆ ಗೊತ್ತು?

ಮತ್ತೆ ಅಮೆರಿಕಕ್ಕೆ ಬರೋಣ. ಮೆಟ್ರೊಪಾಲಿಟನ್ ಲೈಫ್ ಎಂಬ ದೈತ್ಯ ಕಂಪನಿ. ಅದರಲ್ಲಿ ಲೂಯಿ ಡಬ್ಲಿನ್ ಅನ್ನೋ ಸಂಖ್ಯಾಶಾಸ್ತ್ರಜ್ಞ. 1942ರಲ್ಲಿ ಹೆಂಗಸರಿಗೆ, 1943ರಲ್ಲಿ ಗಂಡಸರಿಗೆ ‘ಆದರ್ಶ ತೂಕ’ದ ಪಟ್ಟಿ ಹೊರಬಂತು. ಇಷ್ಟು ಎತ್ತರಕ್ಕೆ ಇಷ್ಟು ತೂಕ, ಅದರಲ್ಲೂ ಸಣ್ಣ, ಮಧ್ಯಮ, ದೊಡ್ಡ ಮೈಕಟ್ಟು ಅಂತ ಮೂರು ಕಂಬಸಾಲು. ತಮಾಷೆ ಏನೆಂದರೆ, ಪಾಲಿಸಿದಾರರ ಮೈಕಟ್ಟನ್ನು ಯಾರೂ ಅಳೆದೇ ಇರಲಿಲ್ಲ. 1959ರಲ್ಲಿ ಮತ್ತೊಂದು ಪಟ್ಟಿ ಬಂತು, ಸುಮಾರು 50 ಲಕ್ಷ ಪಾಲಿಸಿಗಳ ಲೆಕ್ಕದ ಮೇಲೆ. ಈ ತೂಕಗಳನ್ನು ಬಟ್ಟೆ, ಬೂಟು ಸಮೇತ ತೂಗಿದ್ದರು. ಕೆಲವರ ತೂಕವನ್ನಂತೂ ತೂಗಿಯೇ ಇರಲಿಲ್ಲ, ಅವರು ಹೇಳಿದ್ದನ್ನೇ ಬರೆದುಕೊಂಡಿದ್ದರು. ಅಂದರೆ ಹತ್ತು ಕಿಲೋ ಕಮ್ಮಿ ಬರೆಸುವ ಅಣ್ಣಂದಿರು ಆ ಕಾಲದ ನ್ಯೂಯಾರ್ಕ್‌ನಲ್ಲೂ ಇದ್ದಿರಬೇಕು, ಬಿಡಿ.

ಆದರೆ ಆ ಪಟ್ಟಿ ವಿಮಾ ಕಚೇರಿಯಲ್ಲಿ ಉಳಿಯಲಿಲ್ಲ. ಡಾಕ್ಟರ್‌ಗಳ ಗೋಡೆಗೆ ಹೋಯಿತು. ವೈದ್ಯಕೀಯ ಪುಸ್ತಕಕ್ಕೆ ಹೋಯಿತು. ವ್ಯಾಪಾರದ ಅನುಕೂಲಕ್ಕೆ ಮಾಡಿಕೊಂಡ ಲೆಕ್ಕ ಲೋಕದ ಆರೋಗ್ಯದ ಗೆರೆ ಆಗಿಬಿಟ್ಟಿತು. ಪಾಲಿಸಿ ಕೊಳ್ಳುವ ಶಕ್ತಿ ಇದ್ದ ಅಮೆರಿಕನ್ನರ, ಬಹುಪಾಲು ಬಿಳಿಯರ ಲೆಕ್ಕ ಅದು.

ಇದರ ಮೇಲೆ ಸಿಟ್ಟಾದವನು ಆನ್ಸೆಲ್ ಕೀಸ್ ಎಂಬ ಅಮೆರಿಕದ ವಿಜ್ಞಾನಿ. ಈ ವಿಮಾ ಪಟ್ಟಿಗಳಿಗೆ ಬುಡ ಇಲ್ಲ ಅಂತ ಅವನ ವಾದ. 1972ರಲ್ಲಿ ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರ ಅಳತೆ ಇಟ್ಟುಕೊಂಡು, ಕ್ವೆಟೆಲೆಯ ಹಳೆಯ ಲೆಕ್ಕವೇ ಇರುವುದರಲ್ಲಿ ವಾಸಿ ಅಂತ ತೋರಿಸಿ, ಅದಕ್ಕೆ ಹೊಸ ಹೆಸರಿಟ್ಟ. ಬಾಡಿ ಮಾಸ್ ಇಂಡೆಕ್ಸ್. ಬಿಎಂಐ. ಅಮೆರಿಕ, ಫಿನ್ಲೆಂಡ್, ಇಟಲಿ, ಜಪಾನ್, ದಕ್ಷಿಣ ಆಫ್ರಿಕಾ ಇದ್ದವು. ಭಾರತ ಇರಲಿಲ್ಲ. ಹೆಂಗಸರಂತೂ ಒಬ್ಬರೂ ಇರಲಿಲ್ಲ. ಜನಸಮೂಹದ ಅಧ್ಯಯನಕ್ಕೆ ಸಾಕು ಅನ್ನೋ ಮಟ್ಟಿಗೆ ಅವನೇ ಅದನ್ನು ಒಪ್ಪಿದ್ದು. ಆದರೆ ವಿಮಾ ಕಂಪನಿಗಳ ಪಟ್ಟಿಗೆ ಎದುರಾಗಿ ಅವನು ತಂದ ಸಂಖ್ಯೆಯನ್ನೇ ವಿಮಾ ಕಂಪನಿಗಳು ಎತ್ತಿಕೊಂಡವು. ಮೂರು ಕಂಬಸಾಲಿನ ಪಟ್ಟಿಗಿಂತ ಒಂದು ಸಂಖ್ಯೆ ಸುಲಭ ಅಲ್ವಾ?

ಗೆರೆ ಎಲ್ಲಿ ಎಳೆಯಬೇಕು ಅನ್ನೋದೂ ಮನುಷ್ಯರ ತೀರ್ಮಾನವೇ. 1998ರವರೆಗೆ ಅಮೆರಿಕದ ಆರೋಗ್ಯ ಸಂಸ್ಥೆ ಗಂಡಸರಿಗೆ 27.8, ಹೆಂಗಸರಿಗೆ 27.3 ದಾಟಿದರೆ ಅಧಿಕ ತೂಕ ಅನ್ನುತ್ತಿತ್ತು. ಆ ವರ್ಷ ಗೆರೆಯನ್ನು 25ಕ್ಕೆ ಇಳಿಸಿದರು. ರಾತ್ರಿ ಮಲಗಿ ಬೆಳಗ್ಗೆ ಎದ್ದ ಎರಡೂವರೆ ಕೋಟಿಗೂ ಹೆಚ್ಚು ಅಮೆರಿಕನ್ನರು ಒಂದು ತುತ್ತೂ ತಿನ್ನದೆ ದಪ್ಪ ಆಗಿಬಿಟ್ಟರು!

ನಮ್ಮ ಕಥೆ ಇನ್ನೂ ಬೇರೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ಡಾಕ್ಟರ್‌ಗಳ ಫೋಟೋ ಅಚ್ಚಾಯಿತು. ಒಬ್ಬರು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್‌ನ ಡಾ. ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ಇಬ್ಬರೂ ‘ನಾರ್ಮಲ್’. ಆದರೆ ಮೈಯೊಳಗಿನ ಕೊಬ್ಬು ಅಳೆದರೆ ಲಂಡನ್ ಡಾಕ್ಟರ್‌ಗೆ ಶೇ 9.1, ಪುಣೆ ಡಾಕ್ಟರ್‌ಗೆ ಶೇ 21.2. ಎರಡು ಪಟ್ಟಿಗಿಂತ ಜಾಸ್ತಿ! ನೋಡೋಕೆ ತೆಳ್ಳಗೆ, ಒಳಗೆ ಕೊಬ್ಬು. ನಮ್ಮ ಮೈ ಕಟ್ಟಿದ್ದೇ ಹಾಗೆ. ಕೈಕಾಲು ಸಣ್ಣ, ಹೊಟ್ಟೆ ಮುಂದೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದವರಿಗೆ 23ರಿಂದಲೇ ಎಚ್ಚರ ಬೇಕು ಅಂದರು. 2009ರಲ್ಲಿ ಭಾರತದ ವೈದ್ಯರ ಒಮ್ಮತದ ಸೂಚಿ ಬಂತು: 23 ದಾಟಿದರೆ ಅಧಿಕ ತೂಕ, 25ಕ್ಕೇ ಬೊಜ್ಜು. ಜೊತೆಗೆ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಬಾರದು.

ಹಳೆಯ ಕಾಲದಲ್ಲಿ ಎಲ್‌ಐಸಿ ಪಾಲಿಸಿ ಮಾಡಿಸಿದವರಿಗೆ ನೆನಪಿರಬಹುದು. ಪ್ಯಾನಲ್ ಡಾಕ್ಟರ್ ಟೇಪು ಹಿಡಿದು ಉಸಿರು ಎಳೆಸಿ ಎದೆ ಅಳೆಯುತ್ತಿದ್ದರು, ಬಿಡಿಸಿ ಅಳೆಯುತ್ತಿದ್ದರು, ಆಮೇಲೆ ಹೊಟ್ಟೆ ಅಳೆಯುತ್ತಿದ್ದರು. ನಾವು ನಗುತ್ತಿದ್ದೆವು, ಇದೇನು ಟೈಲರ್ ಅಂಗಡಿನಾ ಅಂತ. ಈಗ ಮೊಬೈಲ್‌ನಲ್ಲಿ ಪಾಲಿಸಿ ಕೊಳ್ಳಲು ಹೋದರೆ ಕೇಳುವುದು ಎರಡೇ, ಎತ್ತರ ಮತ್ತು ತೂಕ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಆಯೋಗದ ಜಗತ್ತಿನ ದೊಡ್ಡ ದೊಡ್ಡ ತಜ್ಞರು ಕೂತು ಹೇಳಿದ್ದೇನು? ಬರೀ ಬಿಎಂಐ ನಂಬಬೇಡಿ, ಸೊಂಟದ ಸುತ್ತಳತೆಯಂಥದ್ದನ್ನೂ ನೋಡಿ ಅಂತ. ಡಾಕ್ಟರ್ ಕೈಯ ಟೇಪು ಬಿಸಾಡಿದವರು ಈಗ ಮತ್ತೆ ಹುಡುಕಬೇಕಾಗಿದೆ.

ಈಗ ಆನೇಕಲ್‌ಗೆ ಇಳಿಯೋಣ. ಯಾಕೆಂದರೆ ಈ ಒಂದು ತಾಲ್ಲೂಕಿನಲ್ಲಿ, ಹೊಸೂರು ರಸ್ತೆಯ ಆಚೆ ಈಚೆ, ಭಾರತದ ವಿಮೆಯ ಇಡೀ ಇತಿಹಾಸ ನಿಂತಿದೆ. ರಾಗಿ, ರೇಷ್ಮೆ, ಮಗ್ಗದ ಊರಿದು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯಲ್ಲಿ ಕೈಗಾರಿಕಾ ಪ್ರದೇಶ ಬಂತು. ಪಕ್ಕದಲ್ಲೇ ಎಲೆಕ್ಟ್ರಾನಿಕ್ ಸಿಟಿ. ಹೊಲದಲ್ಲಿ ಬಗ್ಗಿ ದುಡಿದವರ ಮಕ್ಕಳು ಮೂರು ಪಾಳಿಗೆ ಬಂದರು. ಮೊಮ್ಮಕ್ಕಳು ಕಂಪ್ಯೂಟರ್ ಮುಂದೆ ಕೂತರು. ಮುದ್ದೆ ಉಂಡು ಆರು ಮೈಲಿ ನಡೆಯುತ್ತಿದ್ದ ಮೈ, ರಾತ್ರಿ ಎರಡಕ್ಕೆ ಕ್ಯಾಂಟೀನ್‌ನಲ್ಲಿ ಪಫ್ಸ್ ತಿಂದು ಕಂಪನಿ ಬಸ್ಸಿನಲ್ಲಿ ಮನೆಗೆ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಶೇ 24ರಷ್ಟು ಹೆಂಗಸರು, ಶೇ 22.9ರಷ್ಟು ಗಂಡಸರ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು. ಅದೇ ಸಮೀಕ್ಷೆಯಲ್ಲಿ ಶೇ 18.7ರಷ್ಟು ಹೆಂಗಸರು 18.5ಕ್ಕಿಂತ ಕೆಳಗೆ. ಒಂದೇ ಬೀದಿಯಲ್ಲಿ ಎರಡೂ.

ಈ ತಾಲ್ಲೂಕಿನ ಕಾರ್ಖಾನೆ ಕಾರ್ಮಿಕನಿಗೆ ಇಎಸ್‌ಐ ಇದೆ. 1948ರ ಕಾಯ್ದೆಯಿಂದ ಶುರುವಾದದ್ದು. ಕಾರ್ಮಿಕನ ಸಂಬಳದಿಂದ ಶೇ 0.75, ಮಾಲೀಕನಿಂದ ಶೇ 3.25. ನೀನು ಎಷ್ಟು ತೂಕ ಅಂತ ಇಎಸ್‌ಐ ಯಾವತ್ತೂ ಕೇಳಿಲ್ಲ. ಕೇಳುವುದು ಸಂಬಳ ಎಷ್ಟು ಅಂತ ಮಾತ್ರ. ಸಕ್ಕರೆ ಕಾಯಿಲೆ ಇದೆಯಾ, ಅಪ್ಪನಿಗೆ ಹಾರ್ಟ್ ಇತ್ತಾ ಅಂತಲೂ ಇಲ್ಲ. ಗಟ್ಟಿಯಿದ್ದವನು ಕಟ್ಟಿದ್ದರಲ್ಲಿ ಕಾಯಿಲೆ ಬಿದ್ದವನಿಗೆ ಚಿಕಿತ್ಸೆ. ಹಾಗಂತ ಎಲ್ಲ ಸರಿಯಿದೆ ಅಂತಲ್ಲ. ಅತ್ತಿಬೆಲೆಯವನು ಇಎಸ್‌ಐ ದೊಡ್ಡಾಸ್ಪತ್ರೆ ಅಂತ ರಾಜಾಜಿನಗರಕ್ಕೆ ಹೋಗಬೇಕಾದರೆ ಇಡೀ ಬೆಂಗಳೂರು ದಾಟಬೇಕು, ಒಂದು ದಿನದ ಕೂಲಿ ಅಲ್ಲೇ ಹೋಯಿತು. ಬೊಮ್ಮಸಂದ್ರದಲ್ಲೇ ಇಎಸ್‌ಐ ಆಸ್ಪತ್ರೆಗೆ ಶಂಕುಸ್ಥಾಪನೆ ಆಗಿದ್ದು 2024ರ ಅಕ್ಟೋಬರ್ 29ರಂದು. ಕೈಗಾರಿಕೆ ಬಂದು ಎಷ್ಟು ದಶಕ ಆಯ್ತು ಸ್ವಾಮಿ?

ಅದೇ ಬೊಮ್ಮಸಂದ್ರದಲ್ಲಿ ಡಾ. ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯ. ಅವರು ಮುಂದೆ ನಿಂತು, ಸರ್ಕಾರ ಮತ್ತು ಸಹಕಾರ ಇಲಾಖೆಯ ಜೊತೆ ಸೇರಿ 2003ರಲ್ಲಿ ಜಾರಿಗೆ ಬಂದದ್ದು ಯಶಸ್ವಿನಿ. ಸಹಕಾರ ಸಂಘದ ಸದಸ್ಯ ರೈತ ತಲೆಗೆ ತಿಂಗಳಿಗೆ ಐದು ರೂಪಾಯಿ ಕಟ್ಟಿದರೆ ಹೃದಯದ ಆಪರೇಷನ್‌ಗೂ ರಕ್ಷಣೆ. ಶುರುವಿನಲ್ಲಿ ಸರ್ಕಾರ ಅದಕ್ಕೆ ಎರಡೂವರೆ ರೂಪಾಯಿ ಸೇರಿಸುತ್ತಿತ್ತು. ಇಲ್ಲೂ ತಕ್ಕಡಿ ಇಲ್ಲ. ಹಳೆಯ ಕಾಯಿಲೆ ಇದ್ದರೂ ಸೇರಿಸಿಕೊಂಡರು. ಲಕ್ಷಗಟ್ಟಲೆ ಜನ ಒಟ್ಟಿಗೆ ಬಂದರೆ ಒಬ್ಬೊಬ್ಬನನ್ನೂ ತೂಗುವ ಅಗತ್ಯ ಬೀಳುವುದಿಲ್ಲ ಅನ್ನೋದು ಆ ಲೆಕ್ಕ. ಯೋಚಿಸಿ ನೋಡಿ, ಕ್ವೆಟೆಲೆ ಹೇಳಿದ್ದೂ ಗುಂಪಿನ ಲೆಕ್ಕವೇ. 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಸಿ ಯಶಸ್ವಿನಿಯನ್ನು ನಿಲ್ಲಿಸಿದರು. 2022ರ ಕೊನೆಗೆ ಮತ್ತೆ ಶುರುಮಾಡಿದರು. ಅದರ ರಾಜಕೀಯ ಇನ್ನೊಂದು ದಿನ ಮಾತಾಡೋಣ.

ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರ್‌ಗೂ ಕಂಪನಿಯ ಗ್ರೂಪ್ ಪಾಲಿಸಿ ಇರುವಷ್ಟು ದಿನ ಸಾಮಾನ್ಯವಾಗಿ ಈ ತಲೆನೋವಿಲ್ಲ. ಅವನೂ ಗುಂಪಿನಲ್ಲಿದ್ದಾನೆ. ಕೆಲಸ ಹೋದ ದಿನ ಪಾಲಿಸಿಯೂ ಹೋಯಿತು. ನಲವತ್ತೈದು ವಯಸ್ಸು, ಬಿಪಿ, 31ರ ಬಿಎಂಐ ಹೊತ್ತುಕೊಂಡು ಮೊದಲ ಸಲ ಒಬ್ಬನೇ ಫಾರಂ ಮುಂದೆ ಕೂರಬೇಕು. ಜಿಗಣಿಯ ಸೂಪರ್‌ವೈಸರ್ ಸ್ಥಿತಿಯೂ ಅದೇ. 21,000 ದಾಟುವವರೆಗೆ ಅವನು ಗುಂಪು. ದಾಟಿದ ಮೇಲೆ ಅವನು ಒಂದು ಸಂಖ್ಯೆ. ನನಗೆ ಸಿಟ್ಟು ಬರುವುದು ಇಲ್ಲಿ. ಬಡ್ತಿ ಕೊಟ್ಟ ಕಾಗದವೇ ಅವನ ರಕ್ಷಣೆ ಕಿತ್ತುಕೊಳ್ಳುತ್ತದೆ. ಮತ್ತು ಈ 21,000ದ ಗೆರೆ 2017ರ ಜನವರಿಯದ್ದು!

ಒಬ್ಬನೇ ಆದವನಿಗೆ ಕಂಪನಿ ಏನು ಮಾಡುತ್ತದೆ? ಬಿಎಂಐ ನೋಡುತ್ತದೆ, ವಯಸ್ಸು, ಬಿಪಿ, ಸಕ್ಕರೆ ಜೊತೆ ಸೇರಿಸುತ್ತದೆ. ಒಂದು ಮಿತಿಯೊಳಗಿದ್ದರೆ ಮಾಮೂಲಿ ಪ್ರೀಮಿಯಂ. ಮಿತಿ ದಾಟಿದರೆ ಮೆಡಿಕಲ್ ಟೆಸ್ಟ್ ಮಾಡಿಸು ಅನ್ನಬಹುದು, ಇಲ್ಲವೇ ಹೆಚ್ಚುವರಿ ಹಣ ಕೇಳಬಹುದು. ಅದಕ್ಕೆ ಲೋಡಿಂಗ್ ಅಂತಾರೆ. ಇನ್ನೂ ಮೇಲಿದ್ದರೆ ಪಾಲಿಸಿಯೇ ಇಲ್ಲ. ಆ ಮಿತಿ ಎಷ್ಟು? ಅದು ಒಂದೊಂದು ಕಂಪನಿಯದು ಒಂದೊಂದು. ಒಂದು ಕಡೆ ಬೇಡ ಅಂದದ್ದಕ್ಕೆ ಇನ್ನೊಂದು ಕಡೆ ಸರಿ ಅನ್ನಬಹುದು. ವಿಪರೀತ ಸಣಕಲು ಇದ್ದರೂ ಪ್ರಶ್ನೆ ಕೇಳುತ್ತಾರೆ. ಆ ಹಳೆಯ ಕ್ಷಯದ ಭಯ ಪೂರ್ತಿ ಹೋಗಿಲ್ಲ. ಲೋಡಿಂಗ್ ಹಾಕುವುದಾದರೆ ಪಾಲಿಸಿ ಕೊಡುವ ಮುಂಚೆ ನಿಮಗೆ ಹೇಳಿ ಒಪ್ಪಿಗೆ ಪಡೆಯಬೇಕು, ಪಾಲಿಸಿ ನಿರಾಕರಿಸಿದರೆ ಕಾರಣ ಬರೆದು ಕೊಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2016ರ ನಿಯಮದಲ್ಲೇ ಹೇಳಿದೆ. ಎಷ್ಟು ಜನ ಕೇಳಿ ಪಡೆದಿದ್ದೀರಿ?

ಸರಿ, ದಪ್ಪ ಅಂತ ಹೆಚ್ಚು ದುಡ್ಡು ತಗೊಂಡ್ರಿ. ಅದೇ ಬೊಜ್ಜಿನ ಚಿಕಿತ್ಸೆಗೆ ಕ್ಲೇಮ್ ಹಾಕಿದರೆ? ಹಿಂದೆಲ್ಲ ಬೊಜ್ಜಿನ ಚಿಕಿತ್ಸೆ ಅಂದರೆ ಸಾಮಾನ್ಯವಾಗಿ ಬಾಗಿಲು ಬಂದ್. ಸೌಂದರ್ಯಕ್ಕೆ ಮಾಡಿಸಿಕೊಳ್ಳುವ ಆಪರೇಷನ್ ಸಾಲಿಗೆ ಸೇರಿಸಿ ಕೈತೊಳೆದುಕೊಳ್ಳುತ್ತಿದ್ದರು. 2019ರಲ್ಲಿ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಒಂದೇ ಭಾಷೆ ಬರೆದುಕೊಟ್ಟಿತು. 2020ರ ಅಕ್ಟೋಬರ್‌ನಿಂದ ಹಳೆಯ ಪಾಲಿಸಿಗಳಿಗೂ ಬಂತು. ನಿಮ್ಮ ಪಾಲಿಸಿ ಪುಸ್ತಕ ತೆಗೆದು ನೋಡಿ, ಹೊರತುಪಡಿಸಿದವುಗಳ ಪಟ್ಟಿಯಲ್ಲಿ ಆರನೇ ಕೋಡ್. ಏನಿದೆ ಅದರಲ್ಲಿ? ಡಾಕ್ಟರ್ ಸಲಹೆ ಇರಬೇಕು, 18 ವರ್ಷ ತುಂಬಿರಬೇಕು, ಬಿಎಂಐ 40 ಅಥವಾ ಮೇಲೆ ಇರಬೇಕು. ಇಲ್ಲಾ, 35 ಅಥವಾ ಮೇಲಿದ್ದು ಜೊತೆಗೆ ಹೃದಯದ ಕಾಯಿಲೆಯೋ, ತೀವ್ರ ನಿದ್ರಾ ಉಸಿರುಗಟ್ಟುವಿಕೆಯೋ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯೋ ಇದ್ದು, ಬೇರೆ ಸಣ್ಣ ಚಿಕಿತ್ಸೆಗಳು ಸೋತಿರಬೇಕು. ಆಗ ಮಾತ್ರ ಆಪರೇಷನ್‌ಗೆ ದುಡ್ಡು.

ಈಗ ಎಲ್ಲ ಗೆರೆಗಳನ್ನೂ ಒಟ್ಟಿಗೆ ಇಟ್ಟು ನೋಡಿ. ನಮ್ಮ ದೇಶದ ವೈದ್ಯರ ಪ್ರಕಾರ ನಮ್ಮ ಮೈಗೆ ಅಪಾಯ ಶುರುವಾಗುವುದು 23ಕ್ಕೆ, ಬೊಜ್ಜು 25ಕ್ಕೆ. ಹೆಚ್ಚು ದುಡ್ಡು ಕೇಳಲು ಕಂಪನಿಯದ್ದೇ ಒಂದು ಗೆರೆ. ದುಡ್ಡು ಕೊಡಲು 35, 40! ತೆಗೆದುಕೊಳ್ಳುವ ಕೈಗೆ ಒಂದು ಅಳತೆ, ಕೊಡುವ ಕೈಗೆ ಇನ್ನೊಂದು ಅಳತೆ. ಐದು ಅಡಿ ಆರು ಇಂಚಿನ ಮನುಷ್ಯನ ಬಿಎಂಐ 40 ಆಗಬೇಕಾದರೆ 113 ಕಿಲೋ ಇರಬೇಕು. ನಮ್ಮಲ್ಲಿ ಎಷ್ಟೋ ಜನ ಅಲ್ಲಿಯವರೆಗೆ ತಲುಪುವ ಮುಂಚೆಯೇ ಸಕ್ಕರೆ ಕಾಯಿಲೆಗೆ ಸಿಕ್ಕಿರುತ್ತಾರೆ. 2023ರ ಐಸಿಎಂಆರ್ ಅಧ್ಯಯನ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ ಅಂತ ಅಂದಾಜು ಮಾಡಿತು. ಇನ್ಸುಲಿನ್ ತಯಾರಿಸುವ ಬಯೋಕಾನ್ ಇರುವುದೂ ಇದೇ ಹೆಬ್ಬಗೋಡಿ, ಬೊಮ್ಮಸಂದ್ರದ ಕಡೆಯಲ್ಲೇ. ಇನ್ನು ನೋಡೋಕೆ ತೆಳ್ಳಗಿದ್ದು ಹೊಟ್ಟೆಯಲ್ಲಿ ಕೊಬ್ಬಿಟ್ಟುಕೊಂಡವನು, ಆ ಪುಣೆ ಡಾಕ್ಟರ್ ಥರದವನು, ಮಾಮೂಲಿ ಪ್ರೀಮಿಯಂ ಕಟ್ಟಿ ನಾನು ಆರೋಗ್ಯವಂತ ಅಂತ ನಂಬಿಕೊಂಡಿರುತ್ತಾನೆ. ಅವನಿಗೂ ಆ ಸಂಖ್ಯೆ ಮೋಸ ಮಾಡಿತು.

ಸಂಖ್ಯೆಯೇ ಸರಿಯಿಲ್ಲ ಅಂದಮೇಲೆ ಸುಳ್ಳು ಬರೆದರೆ ತಪ್ಪೇನು? ನಮ್ಮ ವೀಕ್ಷಕರು ಕೇಳಿದ್ದು ಇದನ್ನೇ. ತಪ್ಪಿದೆ, ಮತ್ತು ಬೆಲೆ ತೆರುವವರು ಏಜೆಂಟ್ ಅಲ್ಲ.

‘ತೂಗೋಕೆ ಯಾರ್ ಬರ್ತಾರೆ’ ಅಂದನಲ್ಲ? ಆಸ್ಪತ್ರೆಯವರು ತೂಗುತ್ತಾರೆ. ಅಡ್ಮಿಟ್ ಆದ ದಿನವೇ. ಅರಿವಳಿಕೆ ಔಷಧದ ಪ್ರಮಾಣಕ್ಕೆ ತೂಕ ಬೇಕೇ ಬೇಕು. ಆ ಕೇಸ್ ಶೀಟ್ ಕ್ಲೇಮ್ ಜೊತೆ ಕಂಪನಿಗೆ ಹೋಗುತ್ತದೆ. ಪಾಲಿಸಿ ಮಾಡಿಸಿ ಆರೇ ತಿಂಗಳಿಗೆ ಹಾರ್ಟ್ ಅಟ್ಯಾಕ್, ಫಾರಂನಲ್ಲಿ 74, ಕೇಸ್ ಶೀಟ್‌ನಲ್ಲಿ 84. ವಿಷಯ ಮುಚ್ಚಿಟ್ಟಿದ್ದಾರೆ ಅಂತ ಕ್ಲೇಮ್ ತಿರಸ್ಕರಿಸಲು ಅವರಿಗೆ ಇಷ್ಟು ಸಾಕು. 2009ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಂದು ಪ್ರಕರಣ ಬಂದಿತ್ತು. ಗಂಡ ಹಳೆಯ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಹೇಳದೆ ಮೆಡಿಕ್ಲೇಮ್ ಮಾಡಿಸಿದ್ದರು. ಅವರು ತೀರಿಕೊಂಡ ಮೇಲೆ ಹೆಂಡತಿ ಕೋರ್ಟ್ ಅಲೆದು ಸೋತರು. ಕೇಳಿದ ಪ್ರಶ್ನೆಗೆ ನಿಜ ಹೇಳುವುದು ವಿಮೆಯ ಮೊದಲ ಷರತ್ತು ಅಂತ ಕೋರ್ಟ್ ಹೇಳಿತು. ಸುಳ್ಳು ಗಂಡನದು, ಸೋಲು ಹೆಂಡತಿಯದು.

ಅದೇ ನಿಜ ಹೇಳಿದ್ದರೆ? 2021ರ ಡಿಸೆಂಬರ್‌ನಲ್ಲಿ ಇನ್ನೊಂದು ತೀರ್ಪು ಬಂತು, ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಅಮೆರಿಕಕ್ಕೆ ಹೊರಟವರೊಬ್ಬರು ಪಾಲಿಸಿ ಮಾಡಿಸುವಾಗ ಸಕ್ಕರೆ ಕಾಯಿಲೆ ಇದೆ ಅಂತ ಹೇಳಿದ್ದರು. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದಂತೆ ಹೃದಯಾಘಾತ. ಕಂಪನಿ ದುಡ್ಡು ಕೊಡಲ್ಲ ಅಂದಿತು. ಕಾಯಿಲೆ ತಿಳಿದು, ಪರೀಕ್ಷಿಸಿ ಪಾಲಿಸಿ ಕೊಟ್ಟ ಮೇಲೆ, ಆ ಕಾಯಿಲೆಯನ್ನೇ ನೆಪ ಮಾಡಿ ಕ್ಲೇಮ್ ತಿರಸ್ಕರಿಸುವ ಹಾಗಿಲ್ಲ ಅಂತ ತೀರ್ಪು. ನಿಜ ಹೇಳಿದವನ ಕೈಯಲ್ಲಿ ಕಾನೂನು ಇದೆ.

ಇನ್ನೂ ಎರಡು ವಿಷಯ. ಜೀವವಿಮೆಯಲ್ಲಿ ಮೂರು ವರ್ಷ ದಾಟಿದ ಪಾಲಿಸಿಯನ್ನು ಕಂಪನಿ ಪ್ರಶ್ನಿಸುವಂತಿಲ್ಲ. 1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್, 2015ರ ತಿದ್ದುಪಡಿ. ಆರೋಗ್ಯ ವಿಮೆಯಲ್ಲಿ ಆ ಅವಧಿ ಎಂಟು ವರ್ಷ ಇತ್ತು, 2024ರಲ್ಲಿ ಐದಕ್ಕೆ ಇಳಿಸಿದರು. ಆದರೆ ಅಲ್ಲಿ ವಂಚನೆ ಸಾಬೀತಾದರೆ ಐದು ವರ್ಷ ಕಳೆದರೂ ರಕ್ಷಣೆ ಇಲ್ಲ. ಏಜೆಂಟ್‌ಗಳು ಮೊದಲಿನ ಸಾಲು ಹೇಳುತ್ತಾರೆ, ಕೊನೆಯ ಸಾಲು ಹೇಳುವುದಿಲ್ಲ. ಅನ್ಯಾಯವಾಗಿ ಕ್ಲೇಮ್ ನಿರಾಕರಿಸಿದ್ದಾರೆ ಅನಿಸಿದರೆ ಮೊದಲು ಕಂಪನಿಗೆ ಬರೆದು ದೂರು ಕೊಡಿ. ಅಲ್ಲಿ ಪರಿಹಾರ ಸಿಗದಿದ್ದರೆ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ವಕೀಲರು ಬೇಡ, ಫೀಸು ಬೇಡ, ಬಿಳಿ ಹಾಳೆಯಲ್ಲಿ ಬರೆದು ಕೊಟ್ಟರೆ ಆಯಿತು.

ಜಿಗಣಿಯ ಆ ವೀಕ್ಷಕರು ಎರಡು ವಾರದ ನಂತರ ಮತ್ತೆ ಫೋನ್ ಮಾಡಿದ್ದರು. 84 ಅಂತಲೇ ಬರೆಸಿದರಂತೆ. ಕಂಪನಿಯವರು ಟೆಸ್ಟ್ ಮಾಡಿಸಿ, ಪ್ರೀಮಿಯಂ ಮೇಲೆ ಒಂದಿಷ್ಟು ಲೋಡಿಂಗ್ ಹಾಕಿದ್ದಾರೆ. ಒಪ್ಪಿಕೊಂಡಿದ್ದಾರೆ. “ಸಾರ್, ಟೆಸ್ಟ್‌ನಲ್ಲಿ ಸಕ್ಕರೆ ಬಾರ್ಡರ್‌ನಲ್ಲಿದೆ ಅಂತ ಬಂತು. ನಂಗೆ ಗೊತ್ತೇ ಇರ್ಲಿಲ್ಲ,” ಅಂದರು. ಹೆಂಡತಿಯ ತೂಕ ಎಷ್ಟು ಅಂತ ಫಾರಂನಲ್ಲಿ ಕೇಳಿದ್ದರಂತೆ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಆಕೆಯನ್ನು ಯಾರೂ ತೂಗಿಯೇ ಇರಲಿಲ್ಲ. ಹೆರಿಗೆ ಸಮಯ ಬಿಟ್ಟು.